ಕುಡಿಯುವ ನೀರಿನ ಬೋರ್‌ಗೆ ಕರಿ ಆಯಿಲ್ ಬೇಡ

ಮಾನ್ಯ ಸಂಪಾದಕರೇ,

ಎಣ್ಣೆ ಬಾವಿ ಕೊರೆಯುವಾಗ ಪಾಲಿಸುವ ಎಚ್ಚರ ನಮ್ಮ ಮುಧೋಳ ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಬೋರ್ ಹೊಡೆಯುವಾಗ ಕಾಣುತ್ತಿಲ್ಲ. ಕೃಷ್ಣಾ–ಗೋದಾವರಿ ಭಾಗದ ತೈಲ ಬಾವಿಗಳಲ್ಲಿ ಮಡ್ ಇಂಜಿನಿಯರ್ ಆಗಿ ದುಡಿದು ಊರಿಗೆ ಮರಳಿದವನು ನಾನು. ಅದಕ್ಕೇ ಈ ಪತ್ರ.

ತೈಲ ಬಾವಿಯಲ್ಲಿ ಬಿಟ್ (ಕಲ್ಲು ಕೊರೆಯುವ ತುದಿ) ತಿರುಗುವಾಗ ಪೈಪಿನ ಮೂಲಕ ಕೆಸರಿನಂಥ ದ್ರವ ಇಳಿಸುತ್ತಾರೆ. ಅದೇ ಮಡ್. ಬಿಟ್ ತಂಪಾಗಿರಲು, ಕಲ್ಲಿನ ಪುಡಿ ಮೇಲೆ ಬರಲು, ಕೆಳಗಿನ ಒತ್ತಡ ತಡೆಯಲು ಅದು ಬೇಕು. ನೀರು ತಾಗಿದರೆ ಉಬ್ಬಿ ಕುಸಿಯುವ ಜೇಡಿ ಪದರ ಸಿಕ್ಕಲ್ಲಿ ನೀರಿನ ಬದಲು ಎಣ್ಣೆಯಲ್ಲೇ ಮಡ್ ಕಲಸುತ್ತಾರೆ. ಮೊದಲು ಇದಕ್ಕೆ ಡೀಸೆಲ್ಲೇ ಬಳಕೆಯಾಗುತ್ತಿತ್ತು. ಯುರೋಪಿನ ಉತ್ತರ ಸಮುದ್ರದಲ್ಲಿ ಎಣ್ಣೆ ಹತ್ತಿದ ಕಲ್ಲುಪುಡಿಯನ್ನು ಹಾಗೇ ನೀರಿಗೆ ಬಿಟ್ಟರು. ಅದು ತಳದಲ್ಲಿ ಗುಡ್ಡೆಗಟ್ಟಿ ಅಲ್ಲಿನ ಜೀವಿಗಳನ್ನು ಕೊಂದಿತು. ಗಾಳಿಯಾಡದ ಆ ಗುಡ್ಡೆಗಳೊಳಗಿನ ಎಣ್ಣೆ ಇನ್ನೂ ಪೂರ್ತಿ ಕರಗಿಲ್ಲ. ನಮ್ಮ ಕೇಂದ್ರ ಪರಿಸರ ಸಚಿವಾಲಯ 2005ರಲ್ಲಿ ನಿಯಮ ಮಾಡಿ ಡೀಸೆಲ್ ಮಡ್ ಅನ್ನೇ ನಿಷೇಧಿಸಿತು. ಅನಿವಾರ್ಯವಾದರೆ ವಿಷಾಂಶ ಕಡಿಮೆ ಇರುವ ಎಣ್ಣೆ ಮಾತ್ರ ಬಳಸಬೇಕು. ತೊಳೆದ ಪುಡಿಯಲ್ಲಿ ಕೆ.ಜಿ.ಗೆ 10 ಗ್ರಾಂಗಿಂತ ಕಡಿಮೆ ಎಣ್ಣೆ ಉಳಿದಿರಬೇಕು. ಅಷ್ಟೇ ಅಲ್ಲ, ಸಿಹಿನೀರಿನ ಪದರ ದಾಟುವವರೆಗೆ ನಾವು ನೀರಿನ ಮಡ್‌ನಲ್ಲೇ ಕೊರೆದು, ಕೇಸಿಂಗ್ (ಬಾವಿಯ ಗೋಡೆಗೆ ಆಸರೆಯಾಗುವ ಪೈಪು) ಇಳಿಸಿ ಸಿಮೆಂಟ್ ಮಾಡಿದ ಮೇಲೆಯೇ ಎಣ್ಣೆ ಮಡ್ ಒಳಗೆ ಬಿಡುತ್ತಿದ್ದೆವು.

ಈಗ ನಮ್ಮ ಬೋರ್ ಗಾಡಿ ನೋಡಿ. ಇಲ್ಲಿ ಮಡ್ ಇಲ್ಲ, ಕಂಪ್ರೆಸರ್ ಗಾಳಿಯೇ ಬಂಡೆ ಕುಟ್ಟುವ ಹ್ಯಾಮರ್ ಹೊಡೆಯುತ್ತದೆ. ಆ ಹ್ಯಾಮರ್ ಸವೆಯದಿರಲು ಗಾಳಿಯ ಜತೆ ಎಣ್ಣೆ ಹನಿಸುತ್ತಾರೆ. ಹನಿಸಿದ ಎಣ್ಣೆಯಲ್ಲಿ ಒಂದಿಷ್ಟು ಧೂಳಿನ ಜತೆ ಮೇಲೆ ಬರುತ್ತದೆ, ಉಳಿದದ್ದು ಬೋರಿನ ಗೋಡೆಗೆ, ನೀರಿನ ಸೆಲೆಗೆ. ಇತ್ತೀಚೆಗೆ ನಮ್ಮೂರ ಹತ್ತಿರ ಒಂದು ಗಾಡಿಯವರು ಇದಕ್ಕೆ ಇಂಜಿನ್‌ನಿಂದ ಇಳಿಸಿದ ಕರಿ ಆಯಿಲ್ ಸುರಿಯುತ್ತಿದ್ದರು. ಕೇಳಿದರೆ ಏಜೆಂಟರು, ‘ಯಾವ ಆಯಿಲ್ ಆದ್ರೇನ್ರಿ ಸರ, ಹ್ಯಾಮರ್ ಹೊಡದ್ರ ಸಾಕಲ್ರಿ’ ಎಂದರು. ನನಗೆ ಸಿಟ್ಟಿಗಿಂತ ಸಂಕಟವಾಯಿತು. ಸುಟ್ಟ ಇಂಜಿನ್ ಆಯಿಲ್‌ನಲ್ಲಿ ಲೋಹದ ಅಂಶಗಳಿರುತ್ತವೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ.

ಕುಡಿಯುವ ನೀರಿನಲ್ಲಿ ಖನಿಜ ತೈಲ ಲೀಟರಿಗೆ 0.5 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಲೆಕ್ಕ ಹಾಕಿ: ಒಂದು ಲೀಟರ್ ಎಣ್ಣೆ, ಅಂದರೆ ಸುಮಾರು 850 ಗ್ರಾಂ, ಹೆಚ್ಚುಕಡಿಮೆ 17 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಐದು ಸಾವಿರ ಲೀಟರಿನ 340 ಟ್ಯಾಂಕರ್ ನೀರು! ನಮ್ಮ ಬೋರ್‌ಗಳಿಗೆ ಕೇಸಿಂಗ್ ಇರುವುದು ಮೇಲಿನ ಸಡಿಲ ಮಣ್ಣಿಗಷ್ಟೇ, ಕೆಳಗೆಲ್ಲ ಬರೀ ಬಂಡೆ. ಲೋಕಾಪುರದ ಸುತ್ತಲಿನ ಸುಣ್ಣದಕಲ್ಲಿನಲ್ಲಂತೂ ನೀರು ಸೋಸಿ ಬರುವುದಿಲ್ಲ, ಸೀಳುಗಳಲ್ಲಿ ಹರಿಯುತ್ತದೆ. ಒಬ್ಬರ ಬೋರಿಗೆ ಸುರಿದದ್ದು ಪಕ್ಕದ ಹೊಲದವರ ಬೋರಿಗೂ ಹೋಗಬಹುದು. ಪಂಚಾಯ್ತಿಯ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡಬಹುದು, ಎಣ್ಣೆ ನೋಡಲಾಗದು.

ಕಳೆದ ವರ್ಷಗಳಲ್ಲಿ, ಅದರಲ್ಲೂ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗು ಬಿದ್ದ ಮೇಲೆ, ಬೋರಿನ ಬಾಯಿ ಮುಚ್ಚುವ ಮಾತು ಜೋರಾಗಿ ನಡೆಯಿತು. ನಡೆಯಲೇಬೇಕಿತ್ತು. ಅದೇ ಕಾಳಜಿ ಬೋರಿನ ಒಳಗೆ ಹೋಗುವುದರ ಬಗ್ಗೆಯೂ ಬರಲಿ. ರಾಜ್ಯದ 2011ರ ಅಂತರ್ಜಲ ಕಾಯ್ದೆಯಡಿ ರಿಗ್‌ಗಳ (ಬೋರ್ ಗಾಡಿಗಳ) ನೋಂದಣಿ ಕಡ್ಡಾಯ. ಬಳಸಿದ ಆಯಿಲ್ ಹಾಕುವಂತಿಲ್ಲವೆಂಬ ಷರತ್ತನ್ನು ನೋಂದಣಿಯಲ್ಲೇ ಸೇರಿಸಬಹುದು. ಸಸ್ಯದೆಣ್ಣೆಯಿಂದ ಮಾಡಿದ, ಮಣ್ಣಿನಲ್ಲಿ ಬೇಗ ಕರಗುವ ಹ್ಯಾಮರ್ ಆಯಿಲ್ ತಯಾರಾಗುತ್ತದೆ. ಕನಿಷ್ಠ ಪಂಚಾಯ್ತಿ ದುಡ್ಡಿನಲ್ಲಿ ಹೊಡೆಸುವ ಬೋರ್‌ಗಳಿಗಾದರೂ ಅದನ್ನೇ ಬಳಸಬೇಕೆಂದು ಕಾರ್ಯಾದೇಶದಲ್ಲಿ ಬರೆಯಲಿ.

ಬೋರ್ ಹೊಡೆಸುವ ರೈತ ಬಂಧುಗಳಲ್ಲೂ ಒಂದು ವಿನಂತಿ. ಫೂಟಿನ ರೇಟು ಮಾತಾಡುವಾಗಲೇ ಆಯಿಲ್ ಡಬ್ಬಿ ತೋರಿಸಲು ಹೇಳಿ. ಸೀಲ್ ಇರುವ ಹೊಸ ಡಬ್ಬಿಗೆ ಗಾಡಿಯವರು ಒಂದಿಷ್ಟು ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಬೋರ್ ಮುಗಿದ ಮೇಲೆ ನೀರು ತಿಳಿಯಾಗುವವರೆಗೆ ಕಂಪ್ರೆಸರ್ ಗಾಳಿ ಬಿಡಿಸಿ. ಆ ಮೊದಲ ನೀರನ್ನು ದನಕ್ಕೂ ಕುಡಿಸಬೇಡಿ.

– ನಿವೃತ್ತ ಮಡ್ ಇಂಜಿನಿಯರ್, ಲೋಕಾಪುರ, ಬಾಗಲಕೋಟೆ ಜಿಲ್ಲೆ