ಹಳೇ ಚಕ್ಕುಗಳನ್ನು ಕೆ.ಜಿ. ಲೆಕ್ಕಕ್ಕೆ ತೂಗಬೇಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಒಳಪುಟಗಳಲ್ಲಿ ಬರುವ ಹರಾಜು ಪ್ರಕಟಣೆಗಳನ್ನು ನಾನು ತಪ್ಪದೆ ಓದುತ್ತೇನೆ. ಈಚೆಗೆ ತರಬೇತಿ ಸಂಸ್ಥೆಯೊಂದು ‘ನಿರುಪಯುಕ್ತ ಲೇತ್‌ಗಳು, ಬಿಡಿಭಾಗಗಳು ಹಾಗೂ ಇತರೆ ಕಬ್ಬಿಣದ ಸಾಮಗ್ರಿ, ಇದ್ದಲ್ಲಿಯೇ ಇದ್ದಂತೆಯೇ, ಒಟ್ಟು ತೂಕಕ್ಕೆ’ ಎಂದು ಒಂದೇ ಉಸಿರಿಗೆ ಮುಗಿಸಿತ್ತು. ಆ ‘ಬಿಡಿಭಾಗ’ ಎಂಬ ಪದದೊಳಗೆ ಏನೇನು ಹೂತುಹೋಗುತ್ತದೆ ಎಂದು ತಿಳಿಸಲು ಈ ಪತ್ರ.

ನಾನು ಹರಿಹರದವನು. 1941ರಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಶುರುವಾದ ಮೇಲೆ ಲೇತ್ ಎಂದರೇನು ಎಂದು ನಮ್ಮೂರಿನ ಮಕ್ಕಳಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಸಣ್ಣ ವರ್ಕ್‌ಶಾಪುಗಳಲ್ಲಿ ಟರ್ನರ್ ಆಗಿದ್ದ ನಾನು ಈಗ ಹಿತ್ತಲಿನ ಶೆಡ್ಡಿನಲ್ಲಿ ಮರ ಕಡೆಯುತ್ತೇನೆ. ಬುಗುರಿ, ಕಡೆಗೋಲು, ಲಟ್ಟಣಿಗೆ, ಯಾರಾದರೂ ಕೇಳಿದರೆ ತೊಟ್ಟಿಲಿನ ಗುಂಡು. ನನ್ನ ಬಳಿ ಇರುವ ಚಕ್ಕುಗಳೆಲ್ಲ ಗುಜರಿಯಿಂದ ಬಂದವು.

ಗೊತ್ತಿಲ್ಲದವರಿಗಾಗಿ: ತುಂಡನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರವೇ ಲೇತ್. ಅದರ ಸ್ಪಿಂಡಲ್ಲಿನ, ಅಂದರೆ ತಿರುಗುವ ದಂಡದ, ಮೂತಿಗೆ ಕೂತು, ತಿರುಗುವ ತುಂಡನ್ನು ಕಚ್ಚಿ ಹಿಡಿಯುವುದೇ ಚಕ್ಕು. ಉಳಿ ಎಷ್ಟೇ ಹರಿತವಿರಲಿ, ಹಿಡಿತ ಸಡಿಲವಾದರೆ ಕೆಲಸ ಕೆಟ್ಟಂತೆಯೇ. ಬೇಲೂರು, ಹಳೇಬೀಡಿನ ಕಡೆದ ಕಂಬಗಳ ಮುಂದೆ ನಿಂತಾಗಲೆಲ್ಲ ಎಲ್ಲರೂ ನುಣುಪು ನೋಡುತ್ತಾರೆ, ನಾನು ಮಾತ್ರ ಅಷ್ಟು ಭಾರದ ಬಳಪದ ಕಲ್ಲನ್ನು ಹಿಡಿದು ತಿರುಗಿಸಿದ್ದಾದರೂ ಹೇಗೆ ಎಂದು ತಲೆ ಕೆರೆದುಕೊಳ್ಳುತ್ತೇನೆ.

ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಒಮ್ಮೆ 8 ಇಂಚಿನ, ಮೂರು ದವಡೆಯ ಚಕ್ಕೊಂದು ಕಣ್ಣಿಗೆ ಬಿತ್ತು. ದವಡೆಗಳಿರಲಿಲ್ಲ. ಕೇಳಿದರೆ ಅಂಗಡಿಯಾತ, ‘ಅವು ಬ್ಯಾರೆ ಚೀಲದಾಗ ಹೋದ್ವು ಅಣ್ಣಾರ. ಇದು ಬೀಡು, ಅವು ಗಟ್ಟಿ ಸ್ಟೀಲು. ರೇಟು ಬ್ಯಾರೆ’ ಎಂದ. ಬೀಡು ಎಂದರೆ ಎರಕದ ಕಬ್ಬಿಣ. ಅವನದೇನೂ ತಪ್ಪಿಲ್ಲ, ವ್ಯಾಪಾರ ಇರುವುದೇ ಹಾಗೆ. ಆದರೆ ಆ ಮೂರು ದವಡೆಗಳು ಆ ಚಕ್ಕಿಗೇ ಹುಟ್ಟಿದವು. ಪ್ರತಿ ದವಡೆಯ ಮೇಲೂ 1, 2, 3 ಎಂಬ ಅಂಕಿ, ಒಳ್ಳೆಯ ತಯಾರಿಕೆಯಾದರೆ ಚಕ್ಕಿನ ಮೈಮೇಲಿರುವ ಸಂಖ್ಯೆಯೂ ಒತ್ತಿರುತ್ತದೆ. ಬೇರೆ ಚಕ್ಕಿನ ದವಡೆ ಹಾಕಿದರೆ ಮೂರೂ ನಡುವಿನಲ್ಲಿ ಸರಿಯಾಗಿ ಕೂಡುವುದಿಲ್ಲ.

ಅಂಕಿ ಸವೆದುಹೋಗಿದ್ದರೂ ದಾರಿಯಿದೆ. ಮೂರನ್ನೂ ಸಮತಟ್ಟಾದ ಹಲಗೆಯ ಮೇಲೆ ಮೂತಿ ಸಮಮಾಡಿ ಪಕ್ಕಪಕ್ಕ ಮಲಗಿಸಿ, ಹಲ್ಲಿನ ಕಡೆ ಮೇಲಿರಲಿ. ಮೊದಲ ಹಲ್ಲು ಮೂತಿಗೆ ಯಾವುದರಲ್ಲಿ ಅತಿ ಹತ್ತಿರವೋ ಅದು 1, ಅದಕ್ಕಿಂತ ಹಿಂದಿದ್ದದ್ದು 2, ಇನ್ನೂ ಹಿಂದಿದ್ದದ್ದು 3. ಚಕ್ಕಿನೊಳಗೆ ದವಡೆಗಳನ್ನು ಸರಿಸುವ ಸುರುಳಿ ಪಟ್ಟಿ, ದವಡೆ ಕೂರುವ ಒಂದೊಂದು ತೋಡಿಗೂ ಮೂರನೇ ಒಂದು ಸುತ್ತು ತಿರುಗಿ ಬರುವುದರಿಂದ ಹಲ್ಲುಗಳನ್ನೂ ಅಷ್ಟಷ್ಟೇ ಸರಿಸಿ ಕೊರೆದಿರುತ್ತಾರೆ. ಕೀಲಿ ತಿರುಗಿಸುತ್ತಾ ಸುರುಳಿಯ ತುದಿ 1ನೇ ತೋಡಿನಲ್ಲಿ ಇಣುಕುವಾಗ 1ನೇ ದವಡೆ ತುರುಕಬೇಕು, ಆಮೇಲೆ 2, ಆಮೇಲೆ 3. ಕ್ರಮ ತಪ್ಪಿದರೆ ಒಂದು ಮುಂದೆ, ಒಂದು ಹಿಂದೆ. ಇದು ತಿಳಿಯದೆ ಎಷ್ಟೋ ಜನ ‘ಚಕ್ಕು ಸೆಂಟರ್ ಬರ್ತಿಲ್ಲ’ ಎಂದು ಮೂಲೆಗೆ ಎಸೆಯುತ್ತಾರೆ.

ಸಂಸ್ಥೆಗಳವರಲ್ಲಿ ನಾನು ಕೇಳುವುದು ಇಷ್ಟೇ. ತೂಕಕ್ಕೆ ಹಾಕುವ ಮೊದಲು ಪ್ರತಿ ಚಕ್ಕನ್ನೂ ಅದರ ಎರಡೂ ಜೊತೆ (ಒಳಗಿನಿಂದ ಹಿಡಿಯುವ, ಹೊರಗಿನಿಂದ ಹಿಡಿಯುವ) ದವಡೆ, ಕೀಲಿ, ಹಿಂಬದಿಯ ಪ್ಲೇಟಿನೊಂದಿಗೆ ತಂತಿಯಲ್ಲಿ ಕಟ್ಟಿಸಿ, ಯಾವ ಲೇತಿನಿಂದ ಇಳಿಸಿದ್ದೆಂದು ಒಂದು ಚೀಟಿ ತೂಗಿಸಿ. ಬೇರೆಯೇ ಲಾಟ್ ಮಾಡಿ ಮಾರಿ. ದೊಡ್ಡ ಮೊತ್ತದ ಠೇವಣಿ ಕಟ್ಟುವ ಶಕ್ತಿ ಬಡಗಿಗಳಿಗೂ ಬೊಂಬೆ ಮಾಡುವವರಿಗೂ ಇಲ್ಲ. ಒಂದು ಚಕ್ಕಿನ ಬೆಲೆ ಕಟ್ಟುವ ಶಕ್ತಿ ಇದೆ. ಗುಜರಿಯವರು ಕೊಡುವುದಕ್ಕಿಂತ ಹೆಚ್ಚೇ ಕೊಡುತ್ತಾರೆ, ಸಂಸ್ಥೆಗೂ ನಷ್ಟವಿಲ್ಲ.

ಇನ್ನು ಕೊಳ್ಳುವವರಿಗೆ ಒಂದು ಮಾತು. ಹಳೇ ಚಕ್ಕು ಬಿಟ್ಟುಬರಲು ಎಲ್ಲರೂ ಕೊಡುವ ಕಾರಣ ‘ಥ್ರೆಡ್ ಹೊಂದಲ್ಲ’ ಎಂಬುದು. ಥ್ರೆಡ್ ಎಂದರೆ ತಿರುಪಿನ ಸುತ್ತುಗೆರೆ. ಚಕ್ಕನ್ನು ಮಗುಚಿ ಹಿಂಬದಿ ನೋಡಿ. ಥ್ರೆಡ್ ಇರುವುದು ಬಹಳಷ್ಟು ಸಲ ಚಕ್ಕಿನ ಮೈಯಲ್ಲಲ್ಲ, ಬೋಲ್ಟುಗಳಿಂದ ಹಿಡಿದಿರುವ ಬ್ಯಾಕ್‌ಪ್ಲೇಟಿನಲ್ಲಿ. ಬೋಲ್ಟು ಬಿಚ್ಚಿದರೆ ಪ್ಲೇಟು ಬೇರೆ, ಚಕ್ಕು ಬೇರೆ. ಹೊಸ ಬೀಡಿನ ಪ್ಲೇಟಿಗೆ ನಿಮ್ಮ ಸ್ಪಿಂಡಲ್ಲಿನ ಥ್ರೆಡ್ ಹಾಕಿಸಿ, ಚಕ್ಕಿನ ಹಿಂದಿರುವ ಗುಳಿಗೆ ಬಿಗಿಯಾಗಿ ಕೂರುವಂತೆ ಮೆಟ್ಟಿಲು ಕಡೆಸಿದರೆ ಆಯಿತು. ಆ ಮೆಟ್ಟಿಲನ್ನು ಮಾತ್ರ, ಪ್ಲೇಟನ್ನು ನಿಮ್ಮದೇ ಸ್ಪಿಂಡಲ್ಲಿಗೆ ತಿರುಪಿ, ಅದರ ಮೇಲೇ ಕೊನೆಯ ಕೈ ಕಡೆಯಬೇಕು. ಇನ್ನೊಬ್ಬರ ಲೇತಿನಲ್ಲಿ ಮುಗಿಸಿ ತಂದರೆ ಅಲುಗಾಟ ಉಳಿದೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿರುವ ನನ್ನ ಅಳಿಯ ಹಳೇ ಮೈಫೋರ್ಡ್ ಎಂಎಲ್ 8 ಮರಗೆಲಸದ ಲೇತ್ ಕೊಂಡ. ಅದಕ್ಕೆಂದು ಸಂತೆಯಲ್ಲಿ ಸಿಕ್ಕ ಚಕ್ಕಿನ ಫೋಟೊ ಕಳಿಸಿ, ‘ಮಾವ, ವರ್ನಿಯರ್ ಹಿಡಿದರೆ ತೂತು 21 ಚಿಲ್ಲರೆ ಮಿಲಿಮೀಟರ್ ತೋರಿಸ್ತಿದೆ, ನನ್ನ ಸ್ಪಿಂಡಲ್ಲು 25. ಚಿಕ್ಕದಾಯ್ತಲ್ಲ?’ ಎಂದ. ತೂತನ್ನು ಅಳೆದರೆ ಸಿಗುವುದು ಥ್ರೆಡ್ಡಿನ ತಲೆಯಿಂದ ತಲೆಗಿರುವ ಅಂತರ, ಪೂರ್ತಿ ವ್ಯಾಸವಲ್ಲ. ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನಲ್ಲಿ 1 ಇಂಚಿನ, ಇಂಚಿಗೆ 8 ಥ್ರೆಡ್ಡಿನ ತೂತು ಸುಮಾರು 21.3 ಮಿ.ಮೀ. ತೋರಿಸುತ್ತದೆ. ಇಂಚಿಗೆ 12 ಇದ್ದರೆ ಸುಮಾರು 22.7. ಎಂಎಲ್ 8ರ ಮೂತಿ 1 ಇಂಚು, 12 ಥ್ರೆಡ್. ಅಂದರೆ ಆ ಚಕ್ಕು ಅಳತೆಯಲ್ಲಿ ಒಂದೇ, ಥ್ರೆಡ್ಡಿನಲ್ಲಿ ಬೇರೆ. ಪ್ಲೇಟು ಬದಲಿಸಬೇಕಾಯಿತು.

ತೂತಿನೊಳಗಿನ ಥ್ರೆಡ್ ಎಣಿಸಲು ಪಿಚ್ (ಗೆರೆಯಿಂದ ಗೆರೆಗಿರುವ ಅಂತರ) ಅಳೆಯುವ ಗೇಜ್ ಇಲ್ಲದಿದ್ದರೆ ಬಟ್ಟೆ ಸೋಪಿನ ತುಂಡೊಂದನ್ನು ಬೆರಳಿನಷ್ಟು ದಪ್ಪ ಕತ್ತರಿಸಿ ಒಳಗೋಡೆಗೆ ಗಟ್ಟಿಯಾಗಿ ಒತ್ತಿ ತೆಗೆಯಿರಿ. ಗೆರೆಗಳು ಅಚ್ಚಾಗಿರುತ್ತವೆ, ಸ್ಕೇಲಿಟ್ಟು ಎಣಿಸಿ. ಇಂಚಿಗೆ 12ರ 10 ಗೆರೆಗೆ 21 ಮಿ.ಮೀ. ದಾಟುತ್ತದೆ, 2 ಮಿ.ಮೀ. ಪಿಚ್ಚಿನ ಮೆಟ್ರಿಕ್ ಥ್ರೆಡ್ಡಾದರೆ ಸರಿಯಾಗಿ 20. ಈ ಎರಡೂ ಮೋಸದ ಜೋಡಿ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತವೆ. ಅಲ್ಲಿ ಜೋರು ಮಾಡಿ ತಿರುಗಿಸಿದರೆ ಚಕ್ಕು ಹಾಳಾಗುವುದಲ್ಲದೆ ಸ್ಪಿಂಡಲ್ಲಿನ ಥ್ರೆಡ್ಡೂ ಕಿತ್ತುಹೋಗುತ್ತದೆ. ಸ್ಪಿಂಡಲ್ಲು ಹೋದರೆ ಲೇತೇ ಹೋದಂತೆ.

ಗುಜರಿಯಲ್ಲಿ ನಾನು ಮೊದಲು ನೋಡುವುದು ಬಿರುಕು. ಎರಕದ ಕಬ್ಬಿಣ ಮೇಲಿಂದ ಬಿದ್ದರೆ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಮನೆಗೆ ತಂದು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಶಾಲೆಯ ಸೀಮೆಸುಣ್ಣದ ಪುಡಿ ಬಳಿಯುತ್ತೇನೆ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಸ್ವಲ್ಪ ಹೊತ್ತಿಗೆ ಮೇಲೆ ಬಂದು ಬಿಳಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡರೆ ಅದನ್ನು ಮಾತ್ರ ಧಾರಾಳವಾಗಿ ಗುಜರಿಗೆ ಕೊಡಿ. ಬಿರುಕಿಲ್ಲದಿದ್ದರೂ ಹಳೇ ಬೀಡಿನ ಚಕ್ಕನ್ನು ಹೊಸ ಮೋಟಾರಿನ ವೇಗಕ್ಕೆ ಓಡಿಸುವುದು ಬೇಡ. 8 ಇಂಚಿನದನ್ನು ನಾನು ನಿಮಿಷಕ್ಕೆ 800 ಸುತ್ತು ದಾಟಿಸುವುದಿಲ್ಲ.

ಕಬ್ಬಿಣದ ಕೆಲಸದ ಚಕ್ಕು ಮರಕ್ಕೆ ನೇರವಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ದವಡೆಗಳು ಹೊರಗೆ ಚಾಚಿಕೊಂಡು ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಉಳಿ ಹಿಡಿದ ಕೈಯ ಗೆಣ್ಣಿಗೆ ಬಡಿದರೆ ಮೂಳೆ ಉಳಿಯುವುದಿಲ್ಲ. ಗಟ್ಟಿ ಹಲ್ಲು ಮರದಲ್ಲಿ ಗುರುತನ್ನೂ ಬಿಡುತ್ತದೆ. ದವಡೆ ಎರಡು ತುಂಡಿನದಾಗಿದ್ದರೆ ಮೇಲಿನ ತುಂಡು ಬಿಚ್ಚಿ, ಅಲ್ಲಿಗೆ ತೇಗದ ಗಟ್ಟಿ ತುಂಡುಗಳನ್ನು ತಿರುಪಿನಲ್ಲಿ ಕೂರಿಸಿ, ಬೇಕಾದ ವ್ಯಾಸಕ್ಕೆ ಅಲ್ಲೇ ಕಡೆದುಕೊಂಡರೆ ಬಟ್ಟಲಿನ ಅಂಚನ್ನೂ ಗಾಯವಾಗದಂತೆ ಹಿಡಿಯಬಹುದು. ಒಳಗೆ ಗ್ರೀಸ್ ಮಾತ್ರ ಹಾಕಬೇಡಿ. ಮರದ ಹೊಟ್ಟು ಗ್ರೀಸಿನೊಂದಿಗೆ ಸೇರಿ ಸುರುಳಿಯಲ್ಲಿ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿ ಸಾಕು.

ತೂತು ಕೊರೆಯುವ ಬಿಟ್ಟನ್ನು ಹಿಡಿಯುವ ಡ್ರಿಲ್ ಚಕ್ಕು ಸಿಕ್ಕರೆ ಬಿಡಬೇಡಿ. ಅಮೆರಿಕದ ಆರ್ಥರ್ ಜೇಕಬ್ಸ್ 1902ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಬಾಲದ ಇಳಿಜಾರು ನೋಡಿಕೊಳ್ಳಿ. ದಪ್ಪ ತುದಿ ಸುಮಾರು 17.8 ಮಿ.ಮೀ. ಇದ್ದರೆ ಮೋರ್ಸ್ ಎಂಬ ಇಳಿಜಾರಿನ ಅಳತೆಯ 2ನೇ ನಂಬರು, ಸುಮಾರು 12 ಇದ್ದರೆ ಮೋರ್ಸ್ 1.

ಚನ್ನಪಟ್ಟಣದವರಿಗೆ ಇದೆಲ್ಲ ರಗಳೆಯೇ ಇಲ್ಲ ಎನ್ನಿ. ಬಟ್ಟಲಿನಂತೆ ಟೊಳ್ಳಾದ ಚಕ್ಕಿಗೆ ಹಾಲೆ ಮರದ ತುಂಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಇನ್ನೊಂದು ತುದಿಗೆ ಆಸರೆಯೇ ಬೇಡ. ಅರಗಿನ ಬಣ್ಣ ಹಚ್ಚಿ, ಕತ್ತರಿಸಿ ಇಳಿಸುವ ತನಕ ಅಲುಗದೆ ನಿಲ್ಲುತ್ತದೆ. ಸಣ್ಣ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹಿಡಿತ ನಾನು ಕಂಡಿಲ್ಲ, ಹೊಸ ಆಮದು ಚಕ್ಕುಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಗುಜರಿಯಲ್ಲಿ ದವಡೆಯಿಲ್ಲದೆ, ಬರೀ ಹಿಂದೆ ಥ್ರೆಡ್, ಮುಂದೆ ಗುಳಿ ಇರುವ ಕಬ್ಬಿಣದ ಮುದ್ದೆ ಕಂಡರೆ ಪೈಪ್ ಜೋಡಣೆಯ ತುಂಡೆಂದು ಬಿಟ್ಟುಬರಬೇಡಿ. ಗುಳಿಯ ಒಳಗೋಡೆ ಬಾಯಿಂದ ತಳಕ್ಕೆ ಚೂರೇ ಚೂರು ಕಿರಿದಾಗುತ್ತಾ ಹೋಗಿದ್ದರೆ ಅದು ಇದೇ ಜಾತಿಯದು.

ಸುರುಳಿಯ ಹಲ್ಲೇ ಮುರಿದ ಚಕ್ಕು ಮನೆಯಲ್ಲಿ ಬಿದ್ದಿದ್ದರೂ ಅದರ ಬ್ಯಾಕ್‌ಪ್ಲೇಟ್ ಬಿಚ್ಚಿ ಇಟ್ಟುಕೊಳ್ಳಿ. ನಿಮ್ಮ ಸ್ಪಿಂಡಲ್ಲಿಗೆ ಕೂರುವಂಥದ್ದಾದರೆ ಅಂಚಿನಲ್ಲಿ ನಾಲ್ಕು ತೂತು ಕೊರೆದು ಮರದ ದಿಮ್ಮಿಯನ್ನು ಹಿಂದಿನಿಂದ ಸ್ಕ್ರೂ ಹಾಕಿ ಹಿಡಿದರೆ, ದೊಡ್ಡ ಬಟ್ಟಲು ಕಡೆಯಲು ಅದೇ ಫೇಸ್‌ಪ್ಲೇಟ್.

ಇತಿ,
ನಿವೃತ್ತ ಟರ್ನರ್, ಹರಿಹರ