ಕೀಪ್ಯಾಡ್ ಮೊಬೈಲ್ ಬಳಸುವವರಿಗೂ ದಾರಿ ಇರಲಿ

ಮಾನ್ಯ ಸಂಪಾದಕರೇ,

ಸ್ಮಾರ್ಟ್‌ಫೋನ್ ಬದಿಗಿಟ್ಟು, ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಒದಗುವ ಕೀಪ್ಯಾಡ್ ಮೊಬೈಲ್‌ಗೆ ಮರಳಬೇಕೆಂದು ಬಯಸುವವರು, ಅದರಲ್ಲೂ ಓದುವ ಮಕ್ಕಳಿರುವ ಮನೆಯವರು, ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಆದರೆ ಅಂಗಡಿಯ ಕ್ಯೂಆರ್ ಕೋಡ್ ಮತ್ತು ಶಾಲೆಯ ವಾಟ್ಸ್‌ಆ್ಯಪ್ ಗುಂಪು ನೆನಪಾದೊಡನೆ ಅವರು ಹಿಂಜರಿಯುತ್ತಾರೆ.

ಹಣ ಪಾವತಿಯ ತೊಡಕಿಗೆ ಪರಿಹಾರ ಈಗಾಗಲೇ ಇದೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಚಾಲನೆ ನೀಡಿದ ಯುಪಿಐ 123ಪೇ ವ್ಯವಸ್ಥೆಯಲ್ಲಿ, ಇಂಟರ್ನೆಟ್ ಇಲ್ಲದ ಫೋನಿನಿಂದಲೂ ನಿಗದಿತ ಸಂಖ್ಯೆಗೆ ಕರೆ ಮಾಡಿ, ಧ್ವನಿ ಸೂಚನೆಯಂತೆ ಗುಂಡಿ ಒತ್ತಿ, ಪಿನ್ ನಮೂದಿಸಿ ಹಣ ಕಳುಹಿಸಬಹುದು. ಆರಂಭದಲ್ಲಿ 5,000 ರೂಪಾಯಿ ಇದ್ದ ಒಂದು ವಹಿವಾಟಿನ ಮಿತಿಯನ್ನು 10,000ಕ್ಕೆ ಏರಿಸಲಾಗಿದೆ. ಇಷ್ಟಾದರೂ ಶಾಖೆಗೆ ಹೋದ ಗ್ರಾಹಕರಿಗೆ ಆ್ಯಪ್ ಹಾಕಿಸಿಕೊಳ್ಳುವಂತೆ ಹೇಳುವವರೇ ಹೆಚ್ಚು. ಈ ಸೌಲಭ್ಯವನ್ನು ತಿಳಿಸುವವರು ವಿರಳ. ಬ್ಯಾಂಕುಗಳು ಇದರ ವಿವರವನ್ನು ಕನ್ನಡದಲ್ಲಿ ಫಲಕ ಹಾಕಿ ತಿಳಿಸಬೇಕು.

ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಅನ್ವಯಿಸುವ ರೀಚಾರ್ಜ್ ಯೋಜನೆಯನ್ನು ಮೊಬೈಲ್ ಕಂಪನಿಗಳು ಕಡ್ಡಾಯವಾಗಿ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದದ್ದು ಸ್ವಾಗತಾರ್ಹ. ಆದರೆ ಅದರ ಬೆನ್ನಿಗೇ ಬಂದ ಯೋಜನೆಗಳಲ್ಲಿ ಹೆಚ್ಚಿನವು ಸುಮಾರು ಮೂರು ತಿಂಗಳ ಅಥವಾ ಇಡೀ ವರ್ಷದ ಹಣವನ್ನು ಒಮ್ಮೆಲೇ ಕೇಳಿದವು. ದಿನಗೂಲಿಯವರಿಗೆ ಅನುಕೂಲವಾಗುವುದು ಒಂದು ತಿಂಗಳ ಯೋಜನೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಉಂಟುಮಾಡಿರುವುದು ಶಾಲೆಗಳ ರೂಢಿ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಪೋಷಕರ ಸಭೆಯಲ್ಲಿ ತಿಳಿಹೇಳುವ ಶಾಲೆಯೇ ಸಂಜೆ ಹೋಂವರ್ಕ್, ನೋಟ್ಸ್, ಪರೀಕ್ಷೆಯ ವೇಳಾಪಟ್ಟಿ ಎಲ್ಲವನ್ನೂ ವಾಟ್ಸ್‌ಆ್ಯಪ್‌ಗೆ ಕಳುಹಿಸಿದರೆ, ಪೋಷಕರು ಆ ಮಾತನ್ನು ಪಾಲಿಸುವುದಾದರೂ ಹೇಗೆ? ನೋಟ್ಸ್ ಬರೆದುಕೊಳ್ಳಲೆಂದು ಕೊಟ್ಟ ಫೋನಿನಲ್ಲಿ ಮಗು ರೀಲ್ಸ್ ನೋಡತೊಡಗಲು ಹೆಚ್ಚು ಹೊತ್ತು ಬೇಕಿಲ್ಲ. ಅದನ್ನು ಕಸಿದುಕೊಂಡರೆ ಮನೆಯಲ್ಲಿ ಜಗಳ, ಬಿಟ್ಟರೆ ಓದು ಹಾಳು. ಸ್ಮಾರ್ಟ್‌ಫೋನ್ ಕೊಳ್ಳಲಾಗದ ಮನೆಯ ಮಕ್ಕಳಂತೂ ಮಾರನೆಯ ದಿನ ತರಗತಿಯಲ್ಲಿ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಇದು ಯಾವ ಮಗುವಿಗೂ ಬರಬಾರದ ಸ್ಥಿತಿ.

ಹೋಂವರ್ಕ್ ಅನ್ನು ತರಗತಿಯಲ್ಲೇ ಡೈರಿಗೆ ಬರೆಸುವುದು, ದಿಢೀರ್ ರಜೆಯಂತಹ ತುರ್ತು ಸೂಚನೆಗಳನ್ನು ಯಾವ ಫೋನಿಗೂ ತಲುಪುವ ಎಸ್‌ಎಂಎಸ್ ಮೂಲಕ ಕಳುಹಿಸುವುದು ಅಸಾಧ್ಯವೇನಲ್ಲ. ಶಾಲಾ ಶಿಕ್ಷಣ ಇಲಾಖೆಯು ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಸರ್ಕಾರಿ ಮತ್ತು ಖಾಸಗಿ ಶಾಲೆಗಳೆರಡಕ್ಕೂ ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಪೋಷಕ, ಹಾಸನ