ಸಬ್ಸಿಡಿ ಇದ್ದಷ್ಟೇ ಇರಲಿ, ತಾರೀಕು ಕೊಡಿ: ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

2025ರ ಫೆಬ್ರುವರಿಯಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಭರವಸೆ ಬಂತೆಂದು ಸರ್ಕಾರ ಹೇಳಿತು. ಭರವಸೆ ಕೊಟ್ಟವರ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಆದರೆ ವೇದಿಕೆಯ ಮೇಲೆ ಒಡಂಬಡಿಕೆಗೆ ಸಹಿ ಹಾಕುವ ಕೈ ಬೇರೆ, ಆರು ತಿಂಗಳ ನಂತರ ಮೆಷಿನ್‌ಗೆ ಪರ್ಚೇಸ್ ಆರ್ಡರ್ ಹಾಕುವ ಕೈ ಬೇರೆ. ಆ ಎರಡನೆಯ ಕೈ ಯಾಕೆ ತಡೆಯುತ್ತದೆ ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ.

ಒಂದು ಲೆಕ್ಕ ಹಾಕೋಣ. ಮೈಸೂರಿನ ಹೂಟಗಳ್ಳಿಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದು 40 ಕೋಟಿಯ ಹೊಸ ಉತ್ಪಾದನಾ ಲೈನ್ ಹಾಕಬೇಕು ಎಂದುಕೊಳ್ಳಿ. ವರ್ಷಕ್ಕೆ 8.5 ಕೋಟಿ ನಗದು ಬರುತ್ತದೆ, ಹತ್ತು ವರ್ಷ ಓಡುತ್ತದೆ. ಕಂಪನಿಗೆ ಬಂಡವಾಳದ ವೆಚ್ಚ ವರ್ಷಕ್ಕೆ ಶೇ 12. ಆ ದರದಲ್ಲಿ ಹತ್ತು ವರ್ಷದ ನಗದನ್ನು ಇವತ್ತಿನ ಬೆಲೆಗೆ ಇಳಿಸಿದರೆ 48 ಕೋಟಿ. ಹಾಕಿದ್ದು ಹೋಗಿ 8 ಕೋಟಿ ಉಳಿಯಿತು. ಹಾಕಲೇಬೇಕಾದ ಲೈನ್ ಇದು. ಆದರೆ ಶೇ 12ರಲ್ಲಿ ಲೆಕ್ಕ ನೋಡುವ ಆಡಳಿತ ಮಂಡಳಿಗಳು ಕಡಿಮೆ. ಶೇ 18 ಬರಬೇಕು, 20 ಬರಬೇಕು ಎಂದು ಗೆರೆ ಎಳೆದು ಕೂತಿರುತ್ತಾರೆ. ಶೇ 20ರಲ್ಲಿ ಅದೇ ನಗದಿನ ಬೆಲೆ 35.6 ಕೋಟಿಗೆ ಇಳಿದು, ಲೈನ್ 4.4 ಕೋಟಿ ನಷ್ಟದ ಬಾಬತ್ತಾಗಿ ಕಾಣುತ್ತದೆ. ಫೈಲ್ ವಾಪಸ್.

ಗೆರೆ ಅಷ್ಟು ಮೇಲೆ ಯಾಕೆ? ಮೊದಲನೆಯದಾಗಿ, ಪ್ಲಾಂಟ್‌ನಿಂದ ಬರುವ ಹೂಡಿಕೆ ಪ್ರಸ್ತಾವದ ನೋಟ್‌ನಲ್ಲಿ ಮಾರಾಟದ ಅಂದಾಜು ಉಬ್ಬಿರುತ್ತದೆ ಎಂಬುದು ಹಣಕಾಸು ಮುಖ್ಯಸ್ಥರಿಗೆ ಗೊತ್ತು. ಅವರು ಗೆರೆ ಏರಿಸುತ್ತಾರೆ, ಅದು ಗೊತ್ತಿರುವ ಪ್ಲಾಂಟ್‌ನವರು ಮುಂದಿನ ಸಲ ಇನ್ನಷ್ಟು ಉಬ್ಬಿಸುತ್ತಾರೆ. ಇದು ಸಣ್ಣ ಕಾರಣ. ದೊಡ್ಡದು ನೌಕರಿಗೆ ಸಂಬಂಧಿಸಿದ್ದು. ಲೈನ್ ಕೈಕೊಟ್ಟರೆ ನೋಟ್‌ನ ಕೆಳಗಿರುವ ಸಹಿ ಯಾರದೆಂದು ಹುಡುಕುತ್ತಾರೆ. ಹಾಕದೇ ಬಿಟ್ಟ ಲೈನ್‌ಗೆ ಯಾರ ಸಹಿಯೂ ಇರುವುದಿಲ್ಲ. ಮೇಲಾಗಿ ಪ್ಲಾಂಟ್ ಮುಖ್ಯಸ್ಥರು ಒಂದೇ ಊರಲ್ಲಿ ಮೂರೋ ನಾಲ್ಕೋ ವರ್ಷ ಇದ್ದರೆ ಹೆಚ್ಚು. ಲೈನ್ ಹಾಕುವ ತಲೆನೋವು ಇವರದು, ಫಸಲು ಮುಂದೆ ಬರುವವರದು.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಒಂದೇ ಕಂಪನಿಯ 23 ವಿಭಾಗದ ಮುಖ್ಯಸ್ಥರಿಗೆ ಒಂದು ಪ್ರಶ್ನೆ ಕೇಳಿದ್ದರು. ನಿಮ್ಮ ವಿಭಾಗದಲ್ಲಿ ಒಂದು ಯೋಜನೆ ಇದೆ, ಗೆದ್ದರೆ 20 ಲಕ್ಷ ಡಾಲರ್ ಲಾಭ, ಸೋತರೆ 10 ಲಕ್ಷ ನಷ್ಟ, ಎರಡಕ್ಕೂ ಸಮಸಮ ಸಾಧ್ಯತೆ, ಕೈಹಾಕುತ್ತೀರಾ? ಹೂಂ ಅಂದವರು ಮೂವರು. ಅಲ್ಲೇ ಕೂತಿದ್ದ ಕಂಪನಿಯ ಮುಖ್ಯಸ್ಥರನ್ನು ಕೇಳಿದರೆ ಅವರಿಗೆ 23 ಯೋಜನೆಗಳೂ ಬೇಕು. ಇಪ್ಪತ್ಮೂರನ್ನೂ ಒಟ್ಟಿಗೆ ಹಿಡಿದರೆ ಸರಾಸರಿಯಲ್ಲಿ 1.15 ಕೋಟಿ ಡಾಲರ್ ಲಾಭ, ಒಟ್ಟಾರೆ ನಷ್ಟವಾಗುವ ಸಾಧ್ಯತೆ ತೀರಾ ಕಡಿಮೆ. ಆದರೆ ಒಂದೊಂದು ವಿಭಾಗದವರಿಗೆ ಇರುವುದು ಒಂದೇ ಯೋಜನೆ, ಒಂದೇ ಕೆಲಸ. ಮಾನ್ಯರೇ, ಆ ಮುಖ್ಯಸ್ಥರ ಕುರ್ಚಿಯಲ್ಲಿ ರಾಜ್ಯದ ಮಟ್ಟಿಗೆ ಕೂತಿರುವವರು ತಾವು. ತಮ್ಮ ಮುಂದೆ ನೂರಾರು ಯೋಜನೆಗಳಿವೆ, ಹೂಟಗಳ್ಳಿಯ ಮ್ಯಾನೇಜರ್ ಮುಂದೆ ಒಂದು.

ಷೇರುಪೇಟೆಯಲ್ಲಿರುವ ಕಂಪನಿಗಳದ್ದು ಇನ್ನೊಂದು ಕಾಟ. ತ್ರೈಮಾಸಿಕ ಮುಗಿದ 45 ದಿನದೊಳಗೆ (ವರ್ಷದ ಕೊನೆಯದಕ್ಕೆ 60) ಫಲಿತಾಂಶ ಹೊರಬರಬೇಕು. ಅಮೆರಿಕದ 401 ಹಣಕಾಸು ಅಧಿಕಾರಿಗಳನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾಭದ ಗುರಿ ಮುಟ್ಟಲು ಸಂಶೋಧನೆ, ಜಾಹೀರಾತು, ದುರಸ್ತಿ ಖರ್ಚು ಕಡಿತ ಮಾಡುತ್ತೇವೆ ಎಂದವರು ಶೇ 80. ಹೊಸ ಯೋಜನೆಯನ್ನೇ ಮುಂದೂಡುತ್ತೇವೆ ಎಂದವರು ಅರ್ಧಕ್ಕಿಂತ ಹೆಚ್ಚು. ನಮ್ಮಲ್ಲೂ ಫೆಬ್ರುವರಿ ಬಂತೆಂದರೆ ಖರೀದಿ ವಿಭಾಗದಲ್ಲಿ ಇಂಡೆಂಟ್‌ಗಳು (ಖರೀದಿ ಕೋರಿಕೆಗಳು) ನಿಲ್ಲುತ್ತವೆ. ಲೋಹ ಕತ್ತರಿಸುವ ಮೆಷಿನಿಂಗ್ ಸೆಂಟರ್‌ನ ತಿರುಗುವ ಭಾಗ, ಅಂದರೆ ಸ್ಪಿಂಡಲ್, ಬಿಸಿಯಾಗುತ್ತಿದೆ, ಸದ್ದು ಬರುತ್ತಿದೆ, ಬೇರಿಂಗ್ ಬದಲಿಸಬೇಕು ಎಂದು ಮೇಂಟೆನೆನ್ಸ್‌ನವರು ಬರೆದರೆ ‘ಮಾರ್ಚ್ ಕಳೀಲಿ’ ಎಂಬ ಉತ್ತರ. ಸ್ಪಿಂಡಲ್‌ಗೆ ಮಾರ್ಚ್ ಗೊತ್ತಿಲ್ಲ. ಬೇರಿಂಗ್ ಸೀಜ್ ಆದರೆ ಶಾಫ್ಟ್ ಸಮೇತ ಹೋಗುತ್ತದೆ, ಆಗ ಬೇರಿಂಗ್ ಸೆಟ್ಟಿನ ಬದಲು ಇಡೀ ಸ್ಪಿಂಡಲ್ ತರಿಸಬೇಕು.

ಬೇಡಿಕೆ ಬಂದರೂ ಅಷ್ಟೆ. ಕಾನೂನಿನ ಪ್ರಕಾರ ಓವರ್‌ಟೈಮ್‌ಗೆ ಎರಡರಷ್ಟು ಕೂಲಿ ಕೊಡಬೇಕು. ಆ ಡಬಲ್ ಓಟಿ ಕೊಟ್ಟಾದರೂ ಮೂರನೇ ಪಾಳಿ ಓಡಿಸುತ್ತಾರೆ, ಗುತ್ತಿಗೆ ಕಾರ್ಮಿಕರನ್ನು ಕರೆಸುತ್ತಾರೆ, ಹೊಸ ಮೆಷಿನ್ ಮಾತ್ರ ಹಾಕುವುದಿಲ್ಲ. ಪಾಳಿಯನ್ನು ನಾಳೆ ನಿಲ್ಲಿಸಬಹುದು. 40 ಕೋಟಿಯನ್ನು ವಾಪಸ್ ಪಡೆಯಲಾಗದು. ಸಾಮಾನ್ಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್‌ಗೆ ಸೆಕೆಂಡ್ ಹ್ಯಾಂಡ್ ಗಿರಾಕಿ ಸಿಗುತ್ತಾರೆ. ಒಂದೇ ಬಿಡಿಭಾಗಕ್ಕೆಂದು ಮಾಡಿಸಿದ ವಿಶೇಷ ಮೆಷಿನ್‌ಗೆ, ಅದರ ಡೈಗಳಿಗೆ (ಅಚ್ಚುಗಳಿಗೆ) ಗುಜರಿ ಬೆಲೆ. ಪ್ರೆಸ್ ಕೂರಿಸಲು ಹಾಕಿದ ಕಾಂಕ್ರೀಟ್ ಬುನಾದಿ, ಪೇಂಟ್ ಶಾಪ್, ತ್ಯಾಜ್ಯನೀರು ಶುದ್ಧೀಕರಣ ಘಟಕ ಇವುಗಳಿಗೆ ಅದೂ ಇಲ್ಲ. ಮರಳಿ ಬಾರದ ಹಣ ಹೆಚ್ಚಿದ್ದಷ್ಟೂ ಕಾದು ನೋಡುವುದಕ್ಕೇ ಬೆಲೆ ಹೆಚ್ಚು. ಇದನ್ನು ಪುಕ್ಕಲುತನ ಎನ್ನುವಂತಿಲ್ಲ.

ತೆರಿಗೆ ಇಳಿಸಿದರೆ ಇದೆಲ್ಲ ಸರಿಹೋಗುತ್ತದೆಯೇ? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ, ಹೊಸ ಉತ್ಪಾದನಾ ಕಂಪನಿಗಳಿಗೆ ಶೇ 15ಕ್ಕೆ ಇಳಿಸಿತು. ಉಳಿದ ಹಣ ಸಾಲ ತೀರಿಸಲು, ನಗದು ಕೂಡಿಡಲು ಹೋಯಿತೇ ಹೊರತು ಹೊಸ ಯಂತ್ರಕ್ಕೆ ಬರಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2019–20ರ ವಾರ್ಷಿಕ ವರದಿಯಲ್ಲಿ ಬರೆಯಿತು. ಇರುವ ಯಂತ್ರಗಳಲ್ಲೇ ಕಾಲುಭಾಗದಷ್ಟು ಖಾಲಿ ಕೂತಿದ್ದರೆ ಯಾರು ತಾನೇ ಹೊಸದು ತರುತ್ತಾರೆ?

ಬೇಡಿಕೆ ತಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ತಮ್ಮ ಕೈಯಲ್ಲಿರುವುದು ಕಾಲ. ಮೇಲಿನ 40 ಕೋಟಿ ಲೈನನ್ನೇ ನೋಡಿ. ಹಣ ಪೂರ್ತಿ ಹಾಕಿ ಆದಮೇಲೆ ವಿದ್ಯುತ್ ಸಂಪರ್ಕ ಒಂದು ವರ್ಷ ತಡವಾದರೆ 8 ಕೋಟಿಯ ಉಳಿತಾಯ 2.9 ಕೋಟಿಗೆ ಇಳಿಯುತ್ತದೆ. ಹದಿನೆಂಟು ತಿಂಗಳಾದರೆ 50 ಲಕ್ಷ. ಸರ್ಕಾರ ಇದೇ ಯೋಜನೆಗೆ ಶೇ 10, ಅಂದರೆ 4 ಕೋಟಿ ಬಂಡವಾಳ ಸಬ್ಸಿಡಿ ಕೊಟ್ಟು, ಅದು ಐದನೇ ವರ್ಷದಲ್ಲಿ ಕೈಸೇರಿತು ಎಂದಿಟ್ಟುಕೊಳ್ಳಿ. ಇವತ್ತಿನ ಬೆಲೆಯಲ್ಲಿ ಅದು ಬರೀ 2.3 ಕೋಟಿ. ಒಂದು ವರ್ಷದ ವಿಳಂಬ ನುಂಗುವ 5 ಕೋಟಿಗೆ ಅದು ಅರ್ಧವೂ ಆಗುವುದಿಲ್ಲ. ‘ಯಾವಾಗ ಬರುತ್ತದೋ’ ಎನ್ನುವ ಹಣವನ್ನು ಹಣಕಾಸು ಮುಖ್ಯಸ್ಥರು ನೋಟ್‌ನಲ್ಲಿ ಸೊನ್ನೆ ಎಂದೇ ಬರೆದುಕೊಳ್ಳುತ್ತಾರೆ.

ತಡವಾಗುವ ಜಾಗಗಳೂ ಗೊತ್ತಿರುವಂಥವೇ. ಎಚ್‌ಟಿ (ಹೈಟೆನ್ಷನ್ ವಿದ್ಯುತ್) ಸಂಪರ್ಕಕ್ಕೆ ಅರ್ಜಿ, ಮಂಜೂರಾತಿ, ಎಸ್ಟಿಮೇಟ್, ಠೇವಣಿ, ಲೈನ್ ಎಳೆಯುವುದು, ಮೀಟರಿಂಗ್ ಕ್ಯುಬಿಕಲ್, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ. ಕಾಗದದ ಮೇಲೆ ಇವು ಬೇಗ ಮುಗಿಯುತ್ತವೆ. ಸಿಕ್ಕಿಕೊಳ್ಳುವುದು ಆ ಪ್ರದೇಶಕ್ಕೆ ವಿದ್ಯುತ್ ತರುವ ಫೀಡರ್‌ನಲ್ಲಿ ಹೊಸ ಲೋಡ್‌ಗೆ ಜಾಗ ಉಳಿದಿಲ್ಲದಾಗ, ಉಪಕೇಂದ್ರದಲ್ಲಿ ಬ್ರೇಕರ್ ಅಳವಡಿಸಲು ಜಾಗ ಇಲ್ಲದಾಗ, ಕೇಬಲ್ ಹಾಕಲು ರಸ್ತೆ ಅಗೆಯುವ ಅನುಮತಿ ಇನ್ನೊಂದು ಇಲಾಖೆಯ ಮೇಜಿನಲ್ಲಿ ಕೂತಾಗ. ಅಫಿಡವಿಟ್ ಕೊಟ್ಟು ಕಟ್ಟಡದ ಕೆಲಸ ಶುರುಮಾಡಲು 2020ರಲ್ಲಿ ತಂದ ಅನುಮತಿ ವ್ಯವಸ್ಥೆ ಒಳ್ಳೆಯ ಹೆಜ್ಜೆ. ಆದರೆ ಅಫಿಡವಿಟ್‌ನಿಂದ ಶೆಡ್ ಕಟ್ಟಬಹುದು, ಕರೆಂಟ್ ಬರುವುದಿಲ್ಲ.

ಆದ್ದರಿಂದ ಸಂಪರ್ಕದ ತಾರೀಕನ್ನು ಬರಹದಲ್ಲಿ ಕೊಡಿ. ಆ ತಾರೀಕು ಮೀರಿದ ಪ್ರತಿ ತಿಂಗಳಿಗೂ, ಹಾಕಿದ ಹಣದ ಮೇಲಿನ ಬಡ್ಡಿಯಲ್ಲಿ ಒಂದು ಪಾಲನ್ನು ಸರ್ಕಾರ ಭರಿಸಲಿ. ನೂರು ಯೋಜನೆಗಳಲ್ಲಿ ಹತ್ತು ತಡವಾದರೆ ಆ ಖರ್ಚು ಖಜಾನೆಗೆ ಭಾರವಾಗದು. ತಡವಾದ ಒಂದೇ ಯೋಜನೆ ಇರುವ ಮ್ಯಾನೇಜರ್‌ಗೆ ಅದು ಬದುಕುವ ಪ್ರಶ್ನೆ. ಹಾಗೆಯೇ, ಬಂಡವಾಳ ಸಬ್ಸಿಡಿಯನ್ನು ಉತ್ಪಾದನೆ ಶುರುವಾದ ಮೇಲೆ ಕೊಡುವ ಬದಲು ಮೆಷಿನ್ ಇಳಿದಂತೆ ಕಂತುಗಳಲ್ಲಿ ಕೊಡಿ: ಲೆಕ್ಕಪರಿಶೋಧಕರ ಪ್ರಮಾಣಪತ್ರ, ಜಿಲ್ಲಾ ಕೈಗಾರಿಕಾ ಕೇಂದ್ರದವರ ಸ್ಥಳ ತಪಾಸಣೆ, ಬ್ಯಾಂಕ್ ಖಾತೆಗೆ ಹಣ. ದುರುಪಯೋಗದ ಭಯವಿದ್ದರೆ ಕೊನೆಯ ಕಂತನ್ನು ಮೊದಲ ಇನ್‌ವಾಯ್ಸ್‌ಗೆ ಕಟ್ಟಿಹಾಕಿ.

ಇದು ಆಗದ ಮಾತೇನಲ್ಲ. ಚಿಪ್ ಘಟಕಗಳಿಗೆ ಕೇಂದ್ರ ಯೋಜನಾ ವೆಚ್ಚದ ಶೇ 50ರಷ್ಟನ್ನು ಕಂಪನಿಯ ಖರ್ಚಿನ ಜತೆಜತೆಗೇ ಕೊಡುತ್ತದೆ. ಗುಜರಾತ್ ತನ್ನ ನೀತಿಯಲ್ಲಿ ಕೇಂದ್ರದ ನೆರವಿನ ಶೇ 40ರಷ್ಟನ್ನು, ಅಂದರೆ ಯೋಜನಾ ವೆಚ್ಚದ ಶೇ 20ರಷ್ಟನ್ನು, ಮೇಲೆ ಸೇರಿಸುತ್ತದೆ. ಅಲ್ಲಿಗೆ ನೂರರಲ್ಲಿ ಕಂಪನಿ ಪಣಕ್ಕಿಡುವುದು 30. ಮೈಸೂರಿನ ಕೇನ್ಸ್ ಕಂಪನಿಯ ಅಂಗಸಂಸ್ಥೆ ಸುಮಾರು 3,300 ಕೋಟಿಯ ಚಿಪ್ ಜೋಡಣೆ ಘಟಕಕ್ಕೆ ಆರಿಸಿಕೊಂಡಿದ್ದು ಗುಜರಾತಿನ ಸಾನಂದ್ ಅನ್ನು. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಎಲ್ಲ ಕೈಗಾರಿಕೆಗೂ ಅಷ್ಟು ಕೊಡಿ ಎಂದು ನಾವು ಕೇಳುತ್ತಿಲ್ಲ, ಕೊಡುವುದೂ ಸರಿಯಲ್ಲ. ಕೊಡುವ ನಾಲ್ಕು ಕಾಸನ್ನು ಕಂಪನಿ ಕೈಯಿಂದ ಹಣ ಹಾಕುವ ಹೊತ್ತಿಗೇ ಕೊಡಿ ಎನ್ನುತ್ತಿದ್ದೇವೆ.

ಮರಳಿ ಬಾರದ ಖರ್ಚನ್ನು ಸರ್ಕಾರ ಹೊರುವುದು ಈ ಸೀಮೆಗೆ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗೆ ವಿದ್ಯುತ್ ಹರಿಸಿದ್ದು ಮೈಸೂರು ಸರ್ಕಾರ. ಇವತ್ತು ಬೇಕಾದದ್ದು ಅಷ್ಟು ದೊಡ್ಡದಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಬಾಡಿಗೆಗೆ ಸಿದ್ಧ ಶೆಡ್, ಹಂಚಿಕೊಳ್ಳುವ ಪ್ಲೇಟಿಂಗ್ (ಲೋಹ ಲೇಪನ) ಮತ್ತು ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಟ್ಟಿಗೊಳಿಸುವ) ಘಟಕ, ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ. ಗುಜರಿಗೂ ಬಾರದ ಭಾಗ ಸರ್ಕಾರದ್ದಾಗಲಿ, ಮಾರಬಹುದಾದ ಮೆಷಿನ್ ಕಂಪನಿಯದು.

15 ಕೋಟಿಯಿಂದ 500 ಕೋಟಿವರೆಗಿನ ಯೋಜನೆಗಳು ತಮ್ಮ ಅಧ್ಯಕ್ಷತೆಯ ರಾಜ್ಯಮಟ್ಟದ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತವೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಹೂಡಿಕೆ ಮೊತ್ತ, ಉದ್ಯೋಗ ಸಂಖ್ಯೆಯ ಪಕ್ಕದಲ್ಲೇ ಇನ್ನೆರಡು ಕಾಲಂ ಹಾಕಿಸಿ: ವಿದ್ಯುತ್ ಸಂಪರ್ಕ ಕೊಡುವ ತಾರೀಕು, ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆ. ಹಿಂದಿನ ಸಭೆಗಳಲ್ಲಿ ಒಪ್ಪಿದ ಯೋಜನೆಗಳಿಗೂ ಇವೇ ಎರಡು ಕಾಲಂ ತುಂಬಿಸಿ ತರಿಸಿಕೊಂಡರೆ, ಯಾವ ಉಪಕೇಂದ್ರದಲ್ಲಿ ಎಷ್ಟು ಕೋಟಿ ಸಿಕ್ಕಿಕೊಂಡಿದೆ ಎಂಬುದು ತಮಗೆ ಒಂದೇ ಹಾಳೆಯಲ್ಲಿ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಯೋಜನಾ ವರದಿ ತಯಾರಿಸುವ ಲೆಕ್ಕಪರಿಶೋಧಕರು ಮತ್ತು ಎಂಜಿನಿಯರ್‌ಗಳು
ಮೈಸೂರು